ವನ್ಯಮೃಗಗಳ ರೋಗಕ್ಕೆ ಕಾವಲು

(ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಪಾಲಕರನ್ನೂ ವಿದ್ಯಾರ್ಥಿಗಳನ್ನೂ ಕುರಿತು ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಪ್ರತಿವರ್ಷ ಈ ವೇದಿಕೆಯ ಮೇಲೆ ನಿಂತು ಪರೀಕ್ಷೆಯ ಫಲಿತಾಂಶ, ಕೋಣೆಗಳ ಕೊರತೆ, ಗಡಿಯ ಈ ಕಡೆ ಕನ್ನಡ ಶಾಲೆಯನ್ನು ನಡೆಸುವ ಕಷ್ಟ, ಇವುಗಳನ್ನು ಕುರಿತು ಮಾತನಾಡುವುದು ನಮ್ಮ ರೂಢಿಯಾಗಿದೆ. ಅವೆಲ್ಲವೂ ವಾರ್ಷಿಕ ವರದಿಯಲ್ಲಿ ಅಚ್ಚಾಗಿರುವುದರಿಂದ ಈ ಸಲ ಅವನ್ನು ಅಲ್ಲಿಗೇ ಬಿಟ್ಟು, ನಮ್ಮಿಂದಲೇ ಆದ ಒಂದು ತಪ್ಪನ್ನು ತಮ್ಮೆಲ್ಲರ ಮುಂದೆ ಹೇಳಿಕೊಳ್ಳಲು ಅಪ್ಪಣೆ ಬೇಡುತ್ತೇವೆ.

ಎರಡು ವರ್ಷಗಳ ಹಿಂದಿನ ಎಳ್ಳಮಾವಾಸ್ಯೆಯ ದಿನ. ನಮ್ಮ ಮರಾಠಿ ನೆರೆಯವರು ಅದನ್ನೇ ‘ವೇಳಾ ಅಮವಾಸ್ಯಾ’ ಎಂದು ಆಚರಿಸುತ್ತಾರೆ. ಹೆಸರು ಕೇಳಿದರೆ ಸಾಕು, ಅದು ಯಾವ ಭಾಷೆಯಿಂದ ಹೋದದ್ದೆಂಬುದು ತಿಳಿಯುತ್ತದೆ. ಊರಿಗೆ ಊರೇ ಹೊಲದಲ್ಲಿತ್ತು. ಭಜ್ಜಿ ಅಂಬಲಿಗಳ ಊಟ ಮುಗಿದು ಹಿರಿಯರು ನೆರಳಿಗೆ ಒರಗಿದ್ದ ಹೊತ್ತಿನಲ್ಲಿ, ನಮ್ಮ ಶಾಲೆಯ ಇಬ್ಬರು ಹುಡುಗರು ಏದುಸಿರು ಬಿಡುತ್ತ ಓಡಿಬಂದರು. “ಸರ್, ತೊಗರಿ ಹೊಲದಾಗ ಚಿಗರಿ ಸತ್ತು ಬಿದ್ದದ್ರಿ!” ಎಂದರು. ಹೋಗಿ ನೋಡಿದೆವು. ಹೆಣ್ಣು ಚಿಗರಿ, ನಾಯಿ ಕಚ್ಚಿದ ಗಾಯವಿರಲಿಲ್ಲ, ಉರುಲಿನ ಗುರುತಿರಲಿಲ್ಲ, ರಸ್ತೆಯಿಂದ ಬಹು ದೂರವಾದ್ದರಿಂದ ವಾಹನ ಬಡಿದಿರುವ ಸಂಭವವೂ ಇರಲಿಲ್ಲ. ಹಬ್ಬದ ದಿನ ಮಕ್ಕಳ ಕಣ್ಣ ಮುಂದೆ ಹೆಣ ಬಿದ್ದಿರಬಾರದೆಂದು ನಾವು ಹುಡುಗರಿಂದಲೇ ತಗ್ಗು ತೋಡಿಸಿ, ಎಳೆದು ಹಾಕಿಸಿ, ಮಣ್ಣು ಮುಚ್ಚಿಸಿದೆವು. ಪುಣ್ಯದ ಕೆಲಸ ಮಾಡಿದೆವೆಂಬ ಸಮಾಧಾನವೂ ಆಯಿತು.

ಎಂಟು ಹತ್ತು ದಿನಗಳಾಗಿರಬಹುದು. ಆ ಹೊಲದ ಬದುವಿನಲ್ಲೇ ಆಡು ಮೇಯಿಸುವ ಒಂದು ಮನೆಯಲ್ಲಿ ಆಡುಗಳು ಬೇನೆ ಬಿದ್ದವು. ಮೂಗು ಕಣ್ಣುಗಳಲ್ಲಿ ನೀರು, ಬಾಯಲ್ಲಿ ಹುಣ್ಣು, ನಿಲ್ಲದ ಭೇದಿ. ಆರರಲ್ಲಿ ಮೂರು ಸತ್ತವು. ಆ ಮನೆಯ ಹುಡುಗಿ ನಮ್ಮ ಏಳನೆಯ ತರಗತಿಯ ವಿದ್ಯಾರ್ಥಿನಿ. ಮೂರು ಆಡೆಂದರೆ ಆ ಮನೆಗೆ ಏನೆಂಬುದನ್ನು ಇಲ್ಲಿ ಕುಳಿತ ಪಾಲಕರಿಗೆ ನಾವು ವಿವರಿಸಬೇಕಾಗಿಲ್ಲ. ಬಂದ ಪಶುವೈದ್ಯರು ಲಕ್ಷಣಗಳನ್ನು ನೋಡಿ, ಆಡು ಕುರಿಗಳ ಹಿರೇಬೇನೆ ಇರಬಹುದೆಂದು ಹೇಳಿ, “ಈ ಸುತ್ತಿನಲ್ಲಿ ಬೇರೆ ಯಾವುದಾದರೂ ಪ್ರಾಣಿ ಸತ್ತಿತ್ತೇ?” ಎಂದು ಕೇಳಿದರು. ಚಿಗರಿಯ ಸಂಗತಿ ಆಗ ಹೊರಬಂದಿತು. ಅದರ ಮೂಗಿನಿಂದ ನೀರು ಇಳಿದಿತ್ತೇ, ಬಾಯಲ್ಲಿ ಹುಣ್ಣಿತ್ತೇ, ಹಿಂಭಾಗ ಹೊಲಸಾಗಿತ್ತೇ ಎಂದು ಅವರು ಒಂದೊಂದಾಗಿ ಕೇಳುತ್ತ ಹೋದರು. ಹುಡುಗರಲ್ಲಿ ಒಬ್ಬ ಹೌದೆಂದ, ಇನ್ನೊಬ್ಬ ಇಲ್ಲವೆಂದ. ನಾವು ನೋಡಿಯೂ ನೋಡಿರಲಿಲ್ಲ. ಮಣ್ಣಿನಲ್ಲಿ ಹೂತದ್ದರಿಂದ ಇನ್ನು ಯಾವ ಪ್ರಯೋಗಶಾಲೆಯೂ ಏನನ್ನೂ ಹೇಳುವಂತಿರಲಿಲ್ಲ. ಚಿಗರಿಯಿಂದ ಆಡಿಗೆ ಬಂದಿತೋ, ಆಡಿನಿಂದ ಚಿಗರಿಗೆ ಹೋಗಿತ್ತೋ, ಒಂದಕ್ಕೊಂದು ಸಂಬಂಧವೇ ಇರಲಿಲ್ಲವೋ, ಇಂದಿಗೂ ಯಾರಿಗೂ ಗೊತ್ತಿಲ್ಲ. “ಒಂದು ಮಾತು ತಿಳಿಸಿದ್ದರೆ ಸಾಕಾಗಿತ್ತು,” ಎಂದಷ್ಟೇ ವೈದ್ಯರು ಹೇಳಿ ಹೋದರು.

ಅಂದಿನಿಂದ ಈ ವಿಷಯವನ್ನು ಕುರಿತು ಓದತೊಡಗಿದೆವು. ಓದಿದಷ್ಟನ್ನು ತಮ್ಮೊಡನೆ ಹಂಚಿಕೊಳ್ಳುವುದೇ ಈ ಭಾಷಣದ ಉದ್ದೇಶ.

ಮೊದಲು ಬಹು ದೂರದ ಒಂದು ಕಥೆ. ಅಮೇರಿಕೆಯ ಕೊಲೊರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್ ಎಂಬಲ್ಲಿ ವನ್ಯಮೃಗಗಳ ಅಧ್ಯಯನಕ್ಕೆಂದು ಸಾಕಿದ್ದ ಜಿಂಕೆಗಳು 1967ನೆಯ ಇಸವಿಯಲ್ಲಿ ವಿಚಿತ್ರವಾಗಿ ಸೊರಗತೊಡಗಿದವು. ಮೇವಿದ್ದರೂ ಮೈ ಒಣಗುವುದು, ತಲೆ ಜೋತುಬೀಳುವುದು, ಜೊಲ್ಲು ಸುರಿಯುವುದು, ಮನುಷ್ಯನ ಭಯವನ್ನೇ ಮರೆತು ನಿಲ್ಲುವುದು, ಕೊನೆಗೆ ಸಾವು. ಮೇವಿನ ದೋಷವೆಂದೇ ಬಹಳ ಕಾಲ ಊಹಿಸಿದ್ದರು. 1978ರಲ್ಲಿ ಎಲಿಜಬೆತ್ ವಿಲಿಯಮ್ಸ್ ಎಂಬ ಪಶುವೈದ್ಯೆ ಸತ್ತ ಜಿಂಕೆಗಳ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ನೋಡಲಾಗಿ, ಅದು ಸ್ಪಂಜಿನಂತೆ ತೂತುತೂತಾಗಿತ್ತು. ಇದೇ ಜಿಂಕೆಗಳ ಸೊರಗು ರೋಗ. ಇದಕ್ಕೆ ಕಾರಣ ಸಾಮಾನ್ಯ ರೋಗಾಣುವೂ ಅಲ್ಲ, ವೈರಸ್ಸೂ ಅಲ್ಲ. ‘ಪ್ರಿಯಾನ್’ ಎಂಬ, ತಪ್ಪಾಗಿ ಮಡಿಚಿಕೊಂಡ ಒಂದು ಪ್ರೋಟೀನು. ಅದು ತನ್ನ ಪಕ್ಕದ ಸರಿಯಾದ ಪ್ರೋಟೀನನ್ನೂ ತನ್ನಂತೆಯೇ ಮಡಿಚಿಬಿಡುತ್ತದೆ. ಈ ತತ್ತ್ವವನ್ನು ಸ್ಥಾಪಿಸಿದ ಸ್ಟಾನ್ಲಿ ಪ್ರೂಸಿನರರಿಗೆ 1997ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಈ ರೋಗದ ಕೇಡೆಂದರೆ ಅದರ ಮೌನ. ಸೋಂಕು ತಗುಲಿ ಒಂದೂವರೆ ಎರಡು ವರ್ಷ ಮೃಗವು ಆರೋಗ್ಯವಾಗಿಯೇ ಕಾಣುತ್ತದೆ. ಆದರೆ ಅಷ್ಟರಲ್ಲಿ ಅದರ ಜೊಲ್ಲು, ಮೂತ್ರ, ಹಿಕ್ಕೆಗಳಿಂದ ನೆಲಕ್ಕೆ ಬಿದ್ದ ವಿಷವು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಔಷಧವಿಲ್ಲ, ಲಸಿಕೆಯಿಲ್ಲ. ಹಾಗಾದರೆ ಮಾಡುವುದೇನು? ಲೆಕ್ಕವಿಡುವುದು. ಅಲ್ಲಿ ಪರವಾನಗಿ ಪಡೆದು ಜಿಂಕೆಯನ್ನು ಬೇಟೆಯಾಡುವವರುಂಟು. ಅನೇಕ ಕಡೆಗಳಲ್ಲಿ ಆ ಬೇಟೆಗಾರರು ಮೃಗದ ತಲೆಯನ್ನು ತಪಾಸಣಾ ಕೇಂದ್ರಕ್ಕೆ ತಂದು, ಎಲ್ಲಿ ಹೊಡೆದದ್ದೆಂದು ಬರೆಸುತ್ತಾರೆ. ಗಂಟಲ ಹಿಂದಿನ ಗ್ರಂಥಿಯನ್ನೂ ಮೆದುಳಿನ ಬುಡವನ್ನೂ ಪರೀಕ್ಷಿಸುತ್ತಾರೆ. ಈ ರೋಗವು ಮನುಷ್ಯನಿಗೆ ತಗುಲಿದ ಉದಾಹರಣೆ ಇದುವರೆಗೆ ಇಲ್ಲ. ಆದರೂ ರೋಗವಿದೆಯೆಂದು ಫಲಿತಾಂಶ ಬಂದರೆ ಮಾಂಸವನ್ನು ತಿನ್ನಬಾರದೆಂದು ಆರೋಗ್ಯ ಇಲಾಖೆಯ ಸಲಹೆ. ಇಷ್ಟೆಲ್ಲ ಎಚ್ಚರದ ನಡುವೆಯೂ ರೋಗ ಆ ದೇಶದ 30ಕ್ಕೂ ಹೆಚ್ಚು ರಾಜ್ಯಗಳನ್ನು ಹೊಕ್ಕಿದೆ.

ನಮಗೆ ಹೆಚ್ಚು ನಾಟಿದ್ದು ನಾರ್ವೆ ದೇಶದ ಸಂಗತಿ. ಅಲ್ಲಿ ಹಿಮಪ್ರದೇಶದ ಕಾಡು ಹಿಮಸಾರಂಗಗಳ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಲು ಹೋದ ತಂಡದವರ ಕಣ್ಣಿಗೆ 2016ರ ಮಾರ್ಚಿನಲ್ಲಿ ಬೇನೆ ಬಿದ್ದ ಒಂದು ಹೆಣ್ಣು ಸಾರಂಗ ಬಿದ್ದಿತು. ಅದು ಅಲ್ಲಿಯೇ ಸತ್ತಿತು. ಒಂದು ಸಾರಂಗ ಸತ್ತರೆ ಏನಾಯಿತೆಂದು ಅವರು ಬಿಟ್ಟುಬರಬಹುದಾಗಿತ್ತು. ಬಿಡಲಿಲ್ಲ, ಹೆಣವನ್ನು ಪಶುವೈದ್ಯ ಸಂಸ್ಥೆಗೆ ಕಳುಹಿಸಿದರು. ಯುರೋಪ್ ಖಂಡದಲ್ಲಿ ಸೊರಗು ರೋಗ ಮೊದಲು ಗೊತ್ತಾದದ್ದು ಆ ಒಂದು ಹೆಣದಿಂದ. ಅನಂತರ ನೂರ್ಡ್‌ಫಿಯೆಲ್ಲಾ ಎಂಬ ಆ ಪ್ರದೇಶದ 2,000ಕ್ಕೂ ಹೆಚ್ಚು ಸಾರಂಗಗಳ ಹಿಂಡನ್ನೇ ಸರಕಾರ ಕೊಲ್ಲಿಸಬೇಕಾಯಿತು. ಅದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ; ನಮ್ಮ ಮನಸ್ಸು ಮಾತ್ರ ತೊಗರಿ ಹೊಲದ ತಗ್ಗಿನ ಕಡೆಗೇ ಹೋಯಿತು.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಮಾತು. ಸೊರಗು ರೋಗ ಭಾರತದಲ್ಲಿ ಕಂಡುಬಂದಿಲ್ಲ. ಮೇಲಾಗಿ ನಮ್ಮ ಚಿಗರಿ, ಅಂದರೆ ಕೃಷ್ಣಮೃಗವು, ಶಾಸ್ತ್ರದ ದೃಷ್ಟಿಯಿಂದ ಜಿಂಕೆಯೇ ಅಲ್ಲ. ಚುಕ್ಕೆ ಜಿಂಕೆ, ಕಡವೆಗಳ ಕವಲುಕೊಂಬು ವರ್ಷಕ್ಕೊಮ್ಮೆ ಉದುರಿ ಮತ್ತೆ ಮೂಡುತ್ತದೆ. ಚಿಗರಿಯ ತಿರುಚುಕೊಂಬು ಆಡಿನ ಕೊಂಬಿನಂತೆ ಎಲುಬಿನ ಮೇಲೆ ಹೊದಿಸಿದ ಒರೆ, ಅದು ಉದುರುವುದಿಲ್ಲ. ಚಿಗರಿ ಆಡು, ಕುರಿ, ದನಗಳ ಕುಲಕ್ಕೆ ಸೇರಿದ್ದು. ಅಮೇರಿಕೆಯ ಆ ರೋಗವು ಕವಲುಕೊಂಬಿನ ಕುಲದ್ದು. ಹಾಗೆಂದು ನೆಮ್ಮದಿಯಿಂದ ಇರುವಂತಿಲ್ಲ. ಚಿಗರಿ ನಮ್ಮ ಆಡು ದನಗಳ ನೆಂಟನಾದ್ದರಿಂದ ಅವುಗಳ ಬೇನೆಗಳಲ್ಲಿ ಹಲವು ಇದಕ್ಕೂ ಬರುತ್ತವೆ. ನೆಂಟಸ್ತನದ ಫಲ!

ಇನ್ನು ನಮ್ಮ ಕನ್ನಡ ನಾಡಿನ ಕಥೆಗೆ ಬರುತ್ತೇವೆ. ಕಾಡುಪ್ರಾಣಿಯ ಸಾವನ್ನು ಲೆಕ್ಕವಿಟ್ಟು ಮನುಷ್ಯರ ಪ್ರಾಣ ಉಳಿಸುವ ಕೆಲಸ ಅಲ್ಲಿ ಸುಮಾರು 70 ವರ್ಷಗಳಿಂದ ನಡೆದಿದೆ. ಇದನ್ನು ನಮ್ಮ ಮಕ್ಕಳು ಅಮೇರಿಕೆಯ ಸಂಗತಿಗಿಂತ ಮೊದಲು ತಿಳಿಯಬೇಕು.

1957ನೆಯ ಇಸವಿಯ ಆರಂಭದಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಸುತ್ತಲ ಹಳ್ಳಿಗಳಲ್ಲಿ ಉಗ್ರವಾದ ಜ್ವರ ಕಾಣಿಸಿಕೊಂಡಿತು. ತಲೆನೋವು, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಅದೇ ವೇಳೆಗೆ ಕಾಡಿನಲ್ಲಿ ಮಂಗಗಳೂ ಮುಸುವಗಳೂ ಸತ್ತು ಬೀಳುತ್ತಿದ್ದವು. ಈ ಎರಡು ಸುದ್ದಿಗಳು ಒಟ್ಟಿಗೆ ಪುಣೆಯ ವೈರಸ್ ಸಂಶೋಧನಾ ಕೇಂದ್ರವನ್ನು ಮುಟ್ಟಿದಾಗ ಅಲ್ಲಿಯ ಶಾಸ್ತ್ರಜ್ಞರು ಬೆಚ್ಚಿಬಿದ್ದರು. ಏಕೆಂದರೆ ದಕ್ಷಿಣ ಅಮೇರಿಕೆಯಲ್ಲಿ ಕಾಡಿನ ಮಂಗಗಳು ಸಾಯತೊಡಗಿದರೆ ಹಳದಿ ಜ್ವರ ಬಂದಿತೆಂದೇ ಅರ್ಥ. ಆ ಜ್ವರ ಭಾರತಕ್ಕೆ ಎಂದೂ ಬಂದಿರಲಿಲ್ಲ. ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಕ್ಯಾಸನೂರಿಗೆ ಧಾವಿಸಿದರು. ಪರೀಕ್ಷಿಸಿ ನೋಡಿದರೆ ಅದು ಹಳದಿ ಜ್ವರವಾಗಿರಲಿಲ್ಲ; ಜಗತ್ತಿಗೇ ಹೊಸದಾದ ಒಂದು ವೈರಸ್ಸು, ರಷ್ಯಾ ದೇಶದ ಉಣ್ಣಿ ಜ್ವರದ ವೈರಸ್ಸಿಗೆ ಹತ್ತಿರದ್ದು. ಹಳ್ಳಿಗರು ಅದನ್ನು ಆಗಲೇ ‘ಮಂಗನ ಕಾಯಿಲೆ’ ಎಂದು ಕರೆದಿದ್ದರು. ಶಾಸ್ತ್ರಗ್ರಂಥಗಳಲ್ಲಿ ಅದಕ್ಕೆ ಕ್ಯಾಸನೂರು ಕಾಡಿನ ಹೆಸರೇ ನಿಂತಿತು. ಒಂದು ಸಣ್ಣ ಕನ್ನಡ ಊರಿನ ಹೆಸರು ಜಗತ್ತಿನ ವೈದ್ಯಗ್ರಂಥಗಳಲ್ಲೆಲ್ಲ ಸೇರಿಹೋಯಿತು. ಇಂಥ ಕೀರ್ತಿ ಬಾರದಿದ್ದರೇ ಚೆನ್ನಾಗಿತ್ತೆಂದು ಆ ಊರವರಿಗೆ ಅನ್ನಿಸಿರಬೇಕು.

ರೋಗವನ್ನು ಹರಡುವುದು ಮಂಗವಲ್ಲ, ಉಣ್ಣಿ. ಮಳೆಗಾಲ ಕಳೆದ ಮೇಲೆ ಹುಟ್ಟುವ ಮರಿ ಉಣ್ಣಿಗಳು ಇಲಿ, ಸೊಂಡಿಲಿಗಳ ಮೇಲೂ, ಸ್ವಲ್ಪ ಬೆಳೆದವು ಮಂಗಗಳ ಮೇಲೂ ಮನುಷ್ಯರ ಮೇಲೂ ಏರುತ್ತವೆ. ಪೂರ್ತಿ ಬೆಳೆದವಕ್ಕೆ ದನಗಳ ಮೈ ಬೇಕು. ಆದುದರಿಂದ ಡಿಸೆಂಬರಿನಿಂದ ಮೇವರೆಗೆ ಆ ಸೀಮೆಯಲ್ಲಿ ಭಯ. ಮಂಗ ಸತ್ತು ನೆಲಕ್ಕೆ ಬಿದ್ದೊಡನೆ ಆಗುವುದೇನೆಂಬುದನ್ನು ವಿದ್ಯಾರ್ಥಿಗಳು ಗಮನವಿಟ್ಟು ಕೇಳಬೇಕು. ಹೆಣ ತಣ್ಣಗಾಗುತ್ತಿದ್ದಂತೆ ಅದರ ಮೈಮೇಲಿನ ಉಣ್ಣಿಗಳು ಕೆಳಗಿಳಿದು ಅದೇ ಜಾಗದ ತರಗೆಲೆಗಳಲ್ಲಿ ಕಾದು ಕೂಡುತ್ತವೆ. ಸೌದೆಗೆ ಹೋದವರೋ, ದರಗು ಗುಡಿಸಲು ಹೋದವರೋ ಅಲ್ಲಿ ಕಾಲಿಟ್ಟರೆ ಅವರ ಮೈಗೆ ಏರುತ್ತವೆ. ಹೀಗೆ ಸತ್ತ ಮಂಗ ಬಿದ್ದ ಜಾಗವೇ ರೋಗದ ಗೂಡಾಗುತ್ತದೆ.

ಇದು ತಿಳಿದ ಮೇಲೆ ಉಪಾಯವೂ ತಿಳಿಯಿತು. ಎಲ್ಲಿ ಯಾವಾಗ ಮಂಗ ಸತ್ತಿತೆಂಬ ಲೆಕ್ಕವಿಡತೊಡಗಿದರು. ಪುಣೆಯ ಕೇಂದ್ರದವರು ಸಾಗರದಲ್ಲಿ ಒಂದು ಠಾಣ್ಯವನ್ನೇ ತೆರೆದು, ಪಿ.ಕೆ. ರಾಜಗೋಪಾಲನ್ ಮೊದಲಾದ ಶಾಸ್ತ್ರಜ್ಞರು ವರ್ಷಗಟ್ಟಲೆ ಕಾಡು ಅಲೆದು ಮಂಗಗಳ, ಉಣ್ಣಿಗಳ ಲೆಕ್ಕ ಬರೆದರು. ಇಂದಿಗೂ ಮಂಗ ಸತ್ತ ಸುದ್ದಿ ಬಂದರೆ ಆರೋಗ್ಯ, ಅರಣ್ಯ, ಪಶುವೈದ್ಯ ಇಲಾಖೆಯವರು ಹೋಗಿ ಮಾದರಿ ತೆಗೆದು, ಹೆಣವನ್ನು ಸುಟ್ಟು, ಸುತ್ತಲೂ ಕೀಟನಾಶಕ ಪುಡಿ ಎರಚಿ, ಹಳ್ಳಿಯವರಿಗೆ ಮೈಗೆ ಹಚ್ಚುವ ಎಣ್ಣೆ ಹಂಚುತ್ತಾರೆ. ಮನುಷ್ಯನಿಗೆ ಜ್ವರ ಬರುವ ಮೊದಲೇ ಮಂಗದ ಸಾವು ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಅದನ್ನು ಕೇಳಿಸಿಕೊಳ್ಳುವವರು ಇರಬೇಕು, ಅಷ್ಟೇ. ಈ ಕಾವಲು ಎಂದೂ ಸಡಿಲಾಗಿಲ್ಲವೆಂದು ನಾವು ಹೇಳಲಾರೆವು; 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನ ಸುತ್ತ ಮತ್ತೆ ಅನೇಕರು ಸತ್ತರು. ಬಹುಕಾಲ ಮಲೆನಾಡಿನ ಕೆಲವೇ ತಾಲೂಕುಗಳಲ್ಲಿದ್ದ ಈ ರೋಗ 2012ರ ಕೊನೆಗೆ ಬಂಡೀಪುರದ ಕಡೆ ಕಾಣಿಸಿತು. ಅಲ್ಲಿ ಸತ್ತ ಮಂಗಗಳನ್ನು ಎತ್ತಿ ಸುಟ್ಟ ಅರಣ್ಯ ಕೆಲಸಗಾರರಿಗೇ ಜ್ವರ ಹತ್ತಿತು. 2016ರಲ್ಲಿ ನಮ್ಮ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ದೋಡಾಮಾರ್ಗ ತಾಲೂಕಿಗೂ ಬಂದಿತು.

ಅರಣ್ಯ ಕೆಲಸಗಾರರ ಸಂಗತಿಯನ್ನು ಓದಿದ ದಿನ ನಮಗೆ ನಿದ್ರೆ ಬರಲಿಲ್ಲ. ಯಾವ ಕೈಗವಸೂ ಇಲ್ಲದೆ ಹದಿಮೂರು ಹದಿನಾಲ್ಕು ವರ್ಷದ ಹುಡುಗರಿಂದ ನಾವು ಆ ಚಿಗರಿಯನ್ನು ಎಳೆಸಿದ್ದೆವು. ನಮ್ಮ ಬಯಲುಸೀಮೆಯಲ್ಲಿ ಮಂಗನ ಕಾಯಿಲೆ ಇಲ್ಲ, ನಿಜ. ಆದರೆ ಅದು ನೆರಡಿ ರೋಗವಾಗಿದ್ದರೆ? ನೆರಡಿಯಿಂದ ಸತ್ತ ಪ್ರಾಣಿಯನ್ನು ಕೊಯ್ದು ಬಿಚ್ಚಿದರೆ ರೋಗಬೀಜ ಮಣ್ಣಿಗೆ ಸೇರಿ ಹತ್ತಾರು ವರ್ಷ ಜೀವಂತವಿರುತ್ತದೆ. ಮುಟ್ಟಿದ ಮನುಷ್ಯನಿಗೂ ಬರುತ್ತದೆ. ದೇವರು ದೊಡ್ಡವನು, ಹುಡುಗರಿಗೆ ಏನೂ ಆಗಲಿಲ್ಲ. ಅವರ ತಂದೆತಾಯಿಗಳು ಇಲ್ಲಿಯೇ ಕುಳಿತಿದ್ದಾರೆ. ಅವರಲ್ಲಿ ನಾವು ಕ್ಷಮೆ ಬೇಡುತ್ತೇವೆ. ಮಂಗ ಸತ್ತರೆ ಹನುಮಪ್ಪನೆಂದು ಹೂವಿಟ್ಟು ಹೊತ್ತು ಮಣ್ಣು ಮಾಡುವ ಭಕ್ತಿ ನಮ್ಮ ಕಡೆಯೂ ಉಂಟು. ಭಕ್ತಿ ಇರಲಿ, ಕೈ ಮುಗಿಯುವುದು ದೂರದಿಂದ ಆಗಲಿ.

ಚಿಗರಿಗಳ ವಿಷಯವಾಗಿಯೇ ತೀರ ಈಚಿನ ಉದಾಹರಣೆ ಬೆಳಗಾವಿಯದು. 2025ರ ನವೆಂಬರಿನಲ್ಲಿ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚೆನ್ನಮ್ಮ ಮೃಗಾಲಯದಲ್ಲಿ ಕೆಲವೇ ದಿನಗಳೊಳಗೆ ಮೂವತ್ತರಷ್ಟು ಕೃಷ್ಣಮೃಗಗಳು ಸತ್ತವು. ಪರೀಕ್ಷೆಯಿಂದ ತಿಳಿದದ್ದು ಗಳಲೆ ರೋಗ. ಮಳೆಗಾಲಕ್ಕೆ ಮೊದಲು ತಾವೆಲ್ಲ ಎತ್ತು ಎಮ್ಮೆಗಳಿಗೆ ಚುಚ್ಚಿಸುವ ಗಂಟಲು ಬೇನೆಯೇ ಅದು. ಅದೇ ಜಾತಿಯ ರೋಗಾಣುವಿನಿಂದ 2015ರ ಮೇ ತಿಂಗಳಲ್ಲಿ ಕಝಾಕಸ್ತಾನದ ಬಯಲಿನಲ್ಲಿ ‘ಸೈಗಾ’ ಎಂಬ ಚಿಗರಿಯಂಥ ಮೃಗಗಳು ಮೂರು ವಾರಗಳಲ್ಲಿ 2 ಲಕ್ಷಕ್ಕೂ ಮಿಕ್ಕಿ ಸತ್ತವು. ಮರುವರ್ಷದ ಕೊನೆಗೆ ಮಂಗೋಲಿಯಾದ ಸೈಗಾಗಳಿಗೆ ಆಡು ಕುರಿಗಳಿಂದ ಹಿರೇಬೇನೆ ಹತ್ತಿ ಸಾವಿರಾರು ನಾಶವಾದವು. ಮೃಗವೇ ಯಾವಾಗಲೂ ನಮಗೆ ರೋಗ ತರುತ್ತದೆಂದು ತಿಳಿಯಬಾರದು. 1968ರಲ್ಲಿ ಬಂಡೀಪುರ, ಮುದುಮಲೆಗಳ ಕಾಡುಕೋಣಗಳು ಗುಂಪುಗುಂಪಾಗಿ ಸತ್ತದ್ದು ದನಗಳ ದೊಡ್ಡರೋಗದಿಂದ.

ಆ ದೊಡ್ಡರೋಗದ ಹೆಸರನ್ನು ಇಂದಿನ ಮಕ್ಕಳು ಕೇಳಿಯೇ ಇಲ್ಲ. ಇವರ ಮುತ್ತಜ್ಜಂದಿರು ಅದರಿಂದ ಹಟ್ಟಿಗೆ ಹಟ್ಟಿಯೇ ಬರಿದಾದದ್ದನ್ನು ಕಂಡವರು. ಅದು ಹೋದದ್ದು ಲಸಿಕೆಯಿಂದ ನಿಜ. ಆದರೆ ಕೊನೆಯ ಹಂತದಲ್ಲಿ ಲಸಿಕೆಯಷ್ಟೇ ಕೆಲಸ ಮಾಡಿದ್ದು ವಿಚಾರಣೆ. ಹಳ್ಳಿಹಳ್ಳಿಗೆ ಹೋಗಿ, “ಇಲ್ಲಿ ದನ ಸತ್ತಿವೆಯೇ? ಹೇಗೆ ಸತ್ತವು?” ಎಂದು ಕೇಳಿ, ‘ಇಲ್ಲ’ ಎಂಬ ಉತ್ತರವನ್ನೂ ಬರೆದುಕೊಂಡರು. ದೇಶದಲ್ಲಿ ಕೊನೆಯ ರೋಗ ಕಂಡದ್ದು 1995ರಲ್ಲಿ. ಹನ್ನೊಂದು ವರ್ಷಗಳ ಮೇಲೆ, 2006ರಲ್ಲಿ, ಭಾರತ ಆ ರೋಗದಿಂದ ಮುಕ್ತವೆಂದು ಮಾನ್ಯತೆ ಪಡೆಯಿತು. 2011ರಲ್ಲಿ ಜಗತ್ತೇ ಮುಕ್ತವಾಯಿತು. ‘ಇಲ್ಲ, ಇಲ್ಲ’ ಎಂದು ಬರೆದ ಆ ಸಾವಿರಾರು ಉತ್ತರಗಳಿಲ್ಲದಿದ್ದರೆ ರೋಗ ಹೋಯಿತೆಂದು ಹೇಳುವ ಧೈರ್ಯ ಯಾರಿಗೆ ಬರುತ್ತಿತ್ತು?

“ಬೆಳೆ ತಿನ್ನುವ ಚಿಗರಿ ಸತ್ತರೆ ನಮಗೇನು ನಷ್ಟ, ಗುರುಗಳೇ?” ಎಂದು ಪಾಲಕರೊಬ್ಬರು ಮೊನ್ನೆ ಕೇಳಿದರು. ಅವರ ಕಡಲೆ ಹೊಲವನ್ನು ನಾವೂ ನೋಡಿದ್ದೇವೆ. ಅವರ ಸಿಟ್ಟು ಸುಳ್ಳಲ್ಲ. ಬೆಳೆಹಾನಿಗೆ ಪರಿಹಾರ ಕೇಳುವ ಅರ್ಜಿಯನ್ನು ಮರಾಠಿಯಲ್ಲಿ ಬರೆದುಕೊಡಲು ನಮ್ಮ ಶಾಲೆಯ ಶಿಕ್ಷಕರು ಸದಾ ಸಿದ್ಧರು. ಆದರೆ ಅದೇ ಚಿಗರಿ ತಮ್ಮ ಆಡು ಮೇಯುವ ಬದುವಿನಲ್ಲೇ ಮೇಯುತ್ತದೆ, ತಮ್ಮ ಎಮ್ಮೆ ಕುಡಿಯುವ ಹಳ್ಳದಲ್ಲೇ ನೀರು ಕುಡಿಯುತ್ತದೆ. ಅದು ಏಕೆ ಸತ್ತಿತೆಂದು ತಿಳಿಯುವುದು ಚಿಗರಿಯ ಉಪಕಾರಕ್ಕಲ್ಲ.

ಕಾಯಿದೆಯೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಸತ್ತ ವನ್ಯಮೃಗ ಸರಕಾರದ ಸ್ವತ್ತು. ಅದು ಕೈಗೆ ಸಿಕ್ಕರೆ 48 ಗಂಟೆಯೊಳಗೆ ಪೋಲೀಸು ಠಾಣೆಗೋ ಅಧಿಕಾರವುಳ್ಳವರಿಗೋ ತಿಳಿಸಬೇಕು. ಕೊಂಬನ್ನು ಅಂದಕ್ಕೆಂದು ಮನೆಯ ಗೋಡೆಗೆ ತೂಗುಹಾಕುವುದೂ ಅಪರಾಧ. ಇದು ನಮಗೆ ಅಂದು ತಿಳಿದಿರಲಿಲ್ಲವೆಂದರೆ ಯಾರೂ ನಂಬಲಾರರು, ಆದರೂ ನಿಜ.

ಕಳೆದ ಆಷಾಢದಿಂದ ಶಾಲೆಯಲ್ಲಿ ಒಂದು ಗೆರೆ ಹಾಕಿದ ವಹಿಯನ್ನಿಟ್ಟಿದ್ದೇವೆ. ಅದರಲ್ಲಿ ತಾರೀಖು, ಯಾರ ಹೊಲ, ಯಾವ ಪ್ರಾಣಿ, ಎಷ್ಟು, ಏನು ಕಂಡಿತು, ಯಾರಿಗೆ ತಿಳಿಸಲಾಯಿತು ಎಂಬ ಅಂಕಣಗಳಿವೆ. ನಿಯಮಗಳು ಕಡಿಮೆ. ಸತ್ತದ್ದನ್ನು ಮುಟ್ಟಕೂಡದು, ಕೊಯ್ಯಕೂಡದು. ನಾಯಿಗಳನ್ನು ಹತ್ತಿರ ಬಿಡಕೂಡದು. ಹಿರಿಯರ ಫೋನಿನಿಂದ ದೂರ ನಿಂತು ಒಂದು ಚಿತ್ರ ತೆಗೆದು ಶಾಲೆಗೆ ತಿಳಿಸುವುದು. ಮೃಗವಾದರೆ ಅರಣ್ಯ ಇಲಾಖೆಯ 1926 ಸಂಖ್ಯೆಗೆ, ದನ ಆಡುಗಳಾದರೆ ಪಶುಸೇವೆಯ 1962 ಸಂಖ್ಯೆಗೆ ನಾವು ಸುದ್ದಿ ಮುಟ್ಟಿಸುತ್ತೇವೆ. ಪರಿಣತರ ಸಲಹೆ ಬೇಕಾದರೆ ನಮ್ಮ ಪಕ್ಕದ ಉದಗೀರಿನಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೂ, ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೂ ಇವೆ. ಇಷ್ಟು ಸಮೀಪದಲ್ಲಿ ಎರಡು ವಿದ್ಯಾಪೀಠಗಳಿದ್ದೂ ನಾವು ಮಣ್ಣು ಮುಚ್ಚಿದ್ದೆವು. ಪ್ರತಿ ಶನಿವಾರ ಒಬ್ಬೊಬ್ಬ ವಿದ್ಯಾರ್ಥಿ ತನ್ನ ದಾರಿಯಲ್ಲಿ ಕಂಡದ್ದನ್ನು ಬರೆಯಬೇಕು. ಏನೂ ಕಾಣದಿದ್ದರೆ ಅದನ್ನೂ ಬರೆಯಬೇಕು. ಇದುವರೆಗೆ ಸಾವಿನ ನಮೂದುಗಳು ಏಳು. ಅವುಗಳಲ್ಲಿ ಎರಡು ನವಿಲು, ಒಂದು ನರಿ, ಉಳಿದವು ಊರ ಕೋಳಿ ಕುರಿಗಳು. ನವಿಲುಗಳನ್ನು ಅರಣ್ಯದವರು ಬಂದು ಒಯ್ದರು. ಬಿತ್ತನೆಯ ಬೀಜಕ್ಕೆ ಸವರಿದ ಔಷಧವೇ ಕಾರಣವಿರಬೇಕೆಂದು ಅವರು ಹೇಳಿದ ಮೇಲೆ, ಬೀಜ ಚೆಲ್ಲದಂತೆ ಮುಚ್ಚಿ ಬಿತ್ತಬೇಕೆಂದು ಮಕ್ಕಳೇ ಮನೆಮನೆಗೆ ಹೇಳಿಬಂದರು.

ಮೂರು ಆಡುಗಳನ್ನು ಕಳೆದುಕೊಂಡ ಮನೆಯ ಹುಡುಗಿ ಈಗ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ವಹಿಯ ಮೇಲ್ವಿಚಾರಣೆಯನ್ನು ತಾನೇ ಕೇಳಿ ಪಡೆದಿದ್ದಾಳೆ. ಕಳೆದ ಶನಿವಾರದ ಪುಟದಲ್ಲಿ ಅವಳ ಅಕ್ಷರದಲ್ಲಿ ಹೀಗಿದೆ: ‘ಹಳ್ಳದ ದಂಡೆ, ಮುಂಜಾನೆ ಏಳು ಗಂಟೆ. ಚಿಗರಿ ಹದಿನಾಲ್ಕು, ಮರಿ ಎರಡು. ಸತ್ತದ್ದು ಇಲ್ಲ. ಕುಂಟುವುದು ಇಲ್ಲ. ನನ್ನನ್ನು ಕಂಡು ಎಲ್ಲವೂ ಓಡಿದವು.’